ಮೊದಲ ಸೀಸನ್ನಿಗೇ ನಿಂತ ಶೋ: ಅಭಿಮಾನಿಗಳು ಏನು ಮಾಡಬಹುದು, ಯಾವಾಗ, ಹೇಗೆ

ಹೊಸ ಶೋ ಒಂದರ ಪಾತ್ರಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ‘ಎರಡನೇ ಸೀಸನ್ ಇಲ್ಲ’ ಎಂಬ ಸುದ್ದಿ ಬಂದುಬಿಡುತ್ತದೆ. ಕೊನೆಯ ಸಂಚಿಕೆಯಲ್ಲಿ ನಾಯಕಿಯ ತಲೆಗೆ ಪಿಸ್ತೂಲು ಹಿಡಿದಿದ್ದಾರೆ, ಕುದುರೆ ಒತ್ತಿದರೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಆ ಸಿಟ್ಟಿನಲ್ಲಿ ಜನ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಚಾನೆಲ್ಲಿಗೆ ಬೈಯುತ್ತಾರೆ, ಕಣ್ಣಿಗೆ ಬಿದ್ದ ಆನ್‌ಲೈನ್ ಅರ್ಜಿಗೆಲ್ಲ ಸಹಿ ಹಾಕುತ್ತಾರೆ. ಎರಡರಿಂದಲೂ ಶೋ ಬದುಕಿದ್ದು ಅಪರೂಪ. ಬದುಕಿದ ಶೋಗಳ ಹಿಂದೆ ಬೇರೆಯದೇ ಲೆಕ್ಕಾಚಾರ ಇರುತ್ತದೆ. ಅದರ ಮೊದಲ ಪ್ರಶ್ನೆ ‘ಎಷ್ಟು ಜನ ಅತ್ತರು’ ಎಂಬುದಲ್ಲ, ‘ಈ ಶೋ ಯಾರ ಆಸ್ತಿ’ ಎಂಬುದು.

ಇಲ್ಲಿನ ಉದಾಹರಣೆಗಳೆಲ್ಲ ಅಮೆರಿಕದವು. ಸೀಸನ್ ಲೆಕ್ಕದಲ್ಲಿ ಆರ್ಡರ್ ಕೊಟ್ಟು, ಸೀಸನ್ ಲೆಕ್ಕದಲ್ಲೇ ನಿಲ್ಲಿಸುವ ಪದ್ಧತಿ ಅಲ್ಲಿ ಬೇರೂರಿದೆ, ಅಭಿಮಾನಿಗಳ ಹೋರಾಟದ ದಾಖಲೆಯೂ ಅಲ್ಲೇ ಹೆಚ್ಚು.

ಮೊದಲು ಸುದ್ದಿಯನ್ನು ಸರಿಯಾಗಿ ಓದಿ

‘ನಿಂತಿತು’ ಎಂಬ ಒಂದೇ ಮಾತಿನಲ್ಲಿ ಹಲವು ಸಂಗತಿಗಳು ಅಡಗಿರುತ್ತವೆ. ಯಾವುದು ಎಂದು ಗೊತ್ತಾಗದೆ ಹೋರಾಟಕ್ಕೆ ಇಳಿದರೆ ಗಾಳಿಗೆ ಗುದ್ದಿದ ಹಾಗೆ.

ಹಳೆಯ ಮಾದರಿಯ ಅಮೆರಿಕನ್ ಚಾನೆಲ್ಲುಗಳು ಹೊಸ ಶೋಗೆ ಮೊದಲು 13 ಸಂಚಿಕೆಗಳ ಆರ್ಡರ್ ಕೊಡುತ್ತಿದ್ದವು. ಓಡುವ ಲಕ್ಷಣ ಕಂಡರೆ ಇನ್ನೂ 9 ಸೇರಿಸಿ 22ಕ್ಕೆ ತರುತ್ತಿದ್ದವು. ‘ಆರ್ಡರ್ 13ಕ್ಕೇ ನಿಂತಿದೆ’ ಎಂಬ ಸುದ್ದಿ ಅಧಿಕೃತವಾಗಿ ರದ್ದತಿಯಲ್ಲ, ಆದರೆ ಅಪಾಯದ ಗಂಟೆ. ಇನ್ನೊಂದು ಬಗೆಯಲ್ಲಿ ಶೋವನ್ನು ವೇಳಾಪಟ್ಟಿಯಿಂದಲೇ ಎತ್ತಿಬಿಡುತ್ತಾರೆ. ಉಳಿದ ಸಂಚಿಕೆಗಳು ಬೇಸಿಗೆಯಲ್ಲೋ ಶನಿವಾರ ರಾತ್ರಿಯೋ, ಯಾರೂ ನೋಡದ ಹೊತ್ತಿನಲ್ಲಿ ಮುಗಿಯುತ್ತವೆ, ಅಥವಾ ಪ್ರಸಾರವೇ ಆಗುವುದಿಲ್ಲ. ಮೂರನೆಯದು, ಸೀಸನ್ ಪೂರ್ತಿ ಮುಗಿದ ಮೇಲೆ ರಿನ್ಯೂ ಆಗದೇ, ಅಂದರೆ ಮುಂದಿನ ಸೀಸನ್ನಿಗೆ ಆರ್ಡರ್ ಸಿಗದೇ ಹೋಗುವುದು. ಸ್ಟ್ರೀಮಿಂಗ್ ಕಂಪನಿಗಳಲ್ಲಿ ನಡೆಯುವುದು ಹೆಚ್ಚಾಗಿ ಇದೇ, ಏಕೆಂದರೆ ಅಲ್ಲಿ ಸೀಸನ್ ಪೂರ್ತಿ ಚಿತ್ರೀಕರಣವಾದ ಮೇಲೆಯೇ ಬಿಡುಗಡೆ.

ರಿನ್ಯೂ ಆಗಿದೆ ಎಂದು ಘೋಷಿಸಿದ್ದೂ ಕೆಲವೊಮ್ಮೆ ಉಳಿಯುವುದಿಲ್ಲ. ‘ಗ್ಲೋ’ ಎಂಬ ಶೋಗೆ ನೆಟ್‌ಫ್ಲಿಕ್ಸ್ ನಾಲ್ಕನೆಯ ಹಾಗೂ ಕೊನೆಯ ಸೀಸನ್ ಘೋಷಿಸಿ, ಕೋವಿಡ್ ಕಾರಣಕ್ಕೆ 2020ರ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡಿತು. ಇದಕ್ಕೆ ಉಲ್ಟಾ, ‘ಲಿಮಿಟೆಡ್ ಸೀರೀಸ್’ ಎಂದು ಮೊದಲೇ ಹೇಳಿ ಮಾಡಿದ ಶೋ ಒಂದೇ ಸೀಸನ್ನಿಗೆ ಮುಗಿದರೆ ಅದು ರದ್ದತಿಯೇ ಅಲ್ಲ. ಅಂಥದ್ದಕ್ಕೂ ಹ್ಯಾಷ್‌ಟ್ಯಾಗ್ ಹಿಡಿದು ಹೊರಡುವವರಿದ್ದಾರೆ.

ಸುದ್ದಿಯ ಮೂಲ ನೋಡಬೇಕಾದ ಕ್ರಮ ಹೀಗೆ: ಚಾನೆಲ್ ಅಥವಾ ಸ್ಟ್ರೀಮಿಂಗ್ ಕಂಪನಿಯ ಹೇಳಿಕೆ, ಆಮೇಲೆ ಶೋರನ್ನರ್ (ಶೋನ ಬರವಣಿಗೆ, ತಯಾರಿಕೆ ಎರಡರ ಹೊಣೆ ಹೊತ್ತ ಮುಖ್ಯಸ್ಥರು) ತಮ್ಮದೇ ಖಾತೆಯಲ್ಲಿ ಬರೆದದ್ದು, ಆಮೇಲೆ ವೆರೈಟಿ, ಡೆಡ್‌ಲೈನ್, ಹಾಲಿವುಡ್ ರಿಪೋರ್ಟರ್‌ನಂಥ ಉದ್ಯಮದ ಪತ್ರಿಕೆಗಳು. ಈ ವರದಿಗಳಲ್ಲಿ ಕೊನೆಯ ಪ್ಯಾರಾವನ್ನು ಬಿಡದೆ ಓದಿ. ‘ಸ್ಟುಡಿಯೊ ಶೋವನ್ನು ಬೇರೆ ಕಡೆ ಮಾರಲು ಯತ್ನಿಸುತ್ತಿದೆ’ ಎಂಬ ಸಾಲು ಇದ್ದರೆ ಅಲ್ಲೇ ಇರುತ್ತದೆ, ನಿಮ್ಮ ಮುಂದಿನ ನಡೆಯೆಲ್ಲ ಆ ಸಾಲಿನ ಮೇಲೆ ನಿಂತಿದೆ.

ಯಾವ ಅಂಕಿ ಕೈಕೊಟ್ಟಿತು?

ಚಾನೆಲ್ ಮಾರುವುದು ಜಾಹೀರಾತನ್ನು. ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆ ಆಯ್ದ ಕೆಲವು ಮನೆಗಳಲ್ಲಿ ಅಳೆದು ಇಡೀ ದೇಶದ ವೀಕ್ಷಣೆಯನ್ನು ಅಂದಾಜು ಮಾಡುತ್ತದೆ. ಜಾಹೀರಾತಿಗೆ ಬಹುಕಾಲದಿಂದ ಬೇಕಾದದ್ದು 18ರಿಂದ 49 ವಯಸ್ಸಿನವರು. ಪ್ರಸಾರವಾದ ದಿನ ನೋಡಿದವರ ಲೆಕ್ಕ ಬೇರೆ, ರೆಕಾರ್ಡ್ ಮಾಡಿ ಮೂರು ದಿನ ಅಥವಾ ಏಳು ದಿನದೊಳಗೆ ನೋಡಿದವರನ್ನು ಸೇರಿಸಿದ ಲೆಕ್ಕ ಬೇರೆ. ಜಾಹೀರಾತಿನ ವ್ಯವಹಾರ 2007ರಿಂದ ಬಹುಕಾಲ ನಡೆದದ್ದು ಮೂರು ದಿನದೊಳಗೆ ಜಾಹೀರಾತುಗಳನ್ನೇ ಎಷ್ಟು ಜನ ನೋಡಿದರು ಎಂಬ ಸರಾಸರಿಯ ಮೇಲೆ. ಹಾಗಾಗಿ ಎಂಟನೇ ದಿನ ನೋಡಿದವರು, ಜಾಹೀರಾತು ಹಾರಿಸಿ ನೋಡಿದವರು, ನೀಲ್ಸನ್ ಮನೆಗಳಾಚೆಯವರು, ಹೊರದೇಶದವರು ಎಷ್ಟೇ ಪ್ರೀತಿಯಿಂದ ನೋಡಿದ್ದರೂ ಆ ತಕ್ಕಡಿಗೆ ಬೀಳುವುದಿಲ್ಲ.

ಸ್ಟ್ರೀಮಿಂಗ್‌ನಲ್ಲಿ ತಕ್ಕಡಿಯೇ ಬೇರೆ. ನೆಟ್‌ಫ್ಲಿಕ್ಸ್ 2019ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದಕ್ಕೆ ಬರೆದು ತಿಳಿಸಿದ ಪ್ರಕಾರ ಅದು ನೋಡುಗರನ್ನು ಮೂರು ಗುಂಪಾಗಿ ಎಣಿಸುತ್ತಿತ್ತು: ಎರಡು ನಿಮಿಷ ನೋಡಿದವರು, ಒಂದು ಸಂಚಿಕೆಯ ಶೇ 70ರಷ್ಟು ನೋಡಿದವರು, ಇಡೀ ಸೀಸನ್ನಿನ ಶೇ 90ರಷ್ಟು ಮುಗಿಸಿದವರು. ಶೋ ಮಾಡಿದವರಿಗೆ ಈ ಅಂಕಿಗಳು ಸಿಗುತ್ತಿದ್ದದ್ದು ಮೊದಲ 7 ದಿನ ಮತ್ತು ಮೊದಲ 28 ದಿನದ ಕೊನೆಗೆ. ಇದರಿಂದ ತಿಳಿಯುವುದು ಇಷ್ಟು: ಮೊದಲ ಸಂಚಿಕೆಯನ್ನು ಲಕ್ಷಾಂತರ ಜನ ನೋಡಿ ಮೂರನೆಯದಕ್ಕೆ ಬಿಟ್ಟುಹೋದರೆ, ಪಟ್ಟಿಯಲ್ಲಿ ಶೋ ಮೇಲಿದ್ದರೂ ಒಳಗೆ ಸೋತಿರುತ್ತದೆ. ‘ಟಾಪ್ ಟೆನ್‌ನಲ್ಲಿ ಇತ್ತಲ್ಲ, ಹೇಗೆ ನಿಲ್ಲಿಸಿದರು’ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲೇ ಇದೆ.

ನೀವೇ ಲೆಕ್ಕ ಹಾಕಿ ನೋಡಲು ಈಗ ಸ್ವಲ್ಪ ಅನುಕೂಲವಿದೆ. 2023ರ ಜೂನ್‌ನಿಂದ ನೆಟ್‌ಫ್ಲಿಕ್ಸ್ ವಾರದ ಪಟ್ಟಿಯಲ್ಲಿ ‘ವ್ಯೂಸ್’ ಎಂದು ಕೊಡುವುದು ಒಟ್ಟು ನೋಡಿದ ಗಂಟೆಗಳನ್ನು ಶೋನ ಒಟ್ಟು ಅವಧಿಯಿಂದ ಭಾಗಿಸಿದ ಸಂಖ್ಯೆ. ಎಂಟು ಗಂಟೆಯ ಶೋ, 4 ಕೋಟಿ ಗಂಟೆ ವೀಕ್ಷಣೆ ಎಂದರೆ 50 ಲಕ್ಷ. ಮೊದಲ ವಾರಕ್ಕೂ ಮೂರನೆಯ ವಾರಕ್ಕೂ ಈ ಸಂಖ್ಯೆ ಎಷ್ಟು ಕುಸಿಯಿತು ಎಂದು ಬರೆದಿಟ್ಟುಕೊಳ್ಳಿ, ಅದೇ ಕಂಪನಿಯಲ್ಲಿ ರಿನ್ಯೂ ಆದ ಅದೇ ಬಗೆಯ ಶೋ ಜತೆ ಹೋಲಿಸಿ. ಖರ್ಚು ನಮಗೆ ಕಾಣುವುದಿಲ್ಲವಾದ್ದರಿಂದ ಚಿತ್ರ ಅರ್ಧವೇ. ಗ್ರಾಫಿಕ್ಸ್ ತುಂಬಿದ ದುಬಾರಿ ಶೋ ಮತ್ತು ಎರಡು ಕೋಣೆಯ ಹಾಸ್ಯ ಶೋ ಒಂದೇ ಅಂಕಿ ಪಡೆದರೆ ಉಳಿಯುವುದು ಎರಡನೆಯದು.

ಯಾರ ಆಸ್ತಿ?

ಹೆಚ್ಚಿನ ಅಭಿಯಾನಗಳು ಎಡವುವುದು ಇಲ್ಲಿ. ಚಾನೆಲ್ ಬೇರೆ, ಸ್ಟುಡಿಯೊ ಬೇರೆ. ಚಾನೆಲ್ ಶೋವನ್ನು ಬಾಡಿಗೆಗೆ ಪಡೆದು ತೋರಿಸುತ್ತದೆ. ಮಾಡಿಸಿದ್ದು, ಹಕ್ಕು ಇಟ್ಟುಕೊಂಡದ್ದು ಸ್ಟುಡಿಯೊ. ಎರಡೂ ಒಂದೇ ಕಂಪನಿಯ ಕೈಯಲ್ಲಿದ್ದರೆ ಶೋ ಹೊರಗೆ ಹೋಗುವುದು ಕಷ್ಟ.

ತಿಳಿದುಕೊಳ್ಳುವ ದಾರಿ ಸುಲಭ. ಕೊನೆಯ ಹೆಸರುಪಟ್ಟಿ ಮುಗಿದ ಮೇಲೆ ಒಂದಾದ ಮೇಲೊಂದು ಬರುವ ಕಂಪನಿ ಚಿಹ್ನೆಗಳ ಮೇಲೆ ವಿಡಿಯೊ ನಿಲ್ಲಿಸಿ. ‘ಮುಂದಿನ ಸಂಚಿಕೆ’ ಗುಂಡಿ ತಾನಾಗಿ ಒತ್ತಿಕೊಳ್ಳುವ ಮೊದಲು ಹಿಡಿಯಬೇಕು. ಮೊದಲು ಬರುವ ಸಣ್ಣ ಚಿಹ್ನೆಗಳು ಸಾಮಾನ್ಯವಾಗಿ ಬರಹಗಾರರ, ನಿರ್ಮಾಪಕರ ಕಂಪನಿಗಳವು. ಕೊನೆಯಲ್ಲಿ ಬರುವುದು ಸ್ಟುಡಿಯೊ ಅಥವಾ ವಿತರಕ. ಹಕ್ಕುಸ್ವಾಮ್ಯದ ಸಣ್ಣ ಅಕ್ಷರದ ಸಾಲಿನಲ್ಲಿರುವ ಹೆಸರನ್ನೂ ಬರೆದುಕೊಳ್ಳಿ.

ಈ ಹೆಸರು ಎಷ್ಟು ಮುಖ್ಯ ಎಂಬುದಕ್ಕೆ ‘ಬ್ರೂಕ್ಲಿನ್ ನೈನ್-ನೈನ್’ ಸಾಕ್ಷಿ. ಫಾಕ್ಸ್ ಚಾನೆಲ್ ಅದನ್ನು 2018ರ ಮೇ 10ರಂದು ನಿಲ್ಲಿಸಿತು, ಮರುದಿನವೇ ಎನ್‌ಬಿಸಿ ಎಂಬ ಇನ್ನೊಂದು ಚಾನೆಲ್ ಎತ್ತಿಕೊಂಡಿತು. ಅಭಿಮಾನಿಗಳ ಗದ್ದಲ ದೊಡ್ಡದಾಗಿತ್ತು, ನಿಜ. ಆದರೆ ಶೋ ಮಾಡುತ್ತಿದ್ದದ್ದು ಯೂನಿವರ್ಸಲ್ ಟೆಲಿವಿಷನ್, ಅಂದರೆ ಎನ್‌ಬಿಸಿಯದೇ ಬಳಗ. ಮನೆಯ ಮಗು ಮನೆಗೆ ಬಂತು, ಅಷ್ಟೆ. ‘ದಿ ಎಕ್ಸ್‌ಪ್ಯಾನ್ಸ್’ ವಿಷಯವೂ ಬೋಧಪ್ರದ. ಸೈಫೈ ಚಾನೆಲ್ಲಿಗೆ ಇದ್ದದ್ದು ಅಮೆರಿಕದಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ. ಜನ ಆಮೇಲೆ ಎಲ್ಲೆಲ್ಲೋ ನೋಡಿದರೆ ಅದಕ್ಕೆ ಲಾಭವಿರಲಿಲ್ಲ. 2018ರ ಮೇನಲ್ಲಿ ಅದು ಕೈಬಿಟ್ಟಾಗ, ಹಕ್ಕು ಆಲ್ಕನ್ ಎಂಬ ಸ್ವತಂತ್ರ ಕಂಪನಿಯಲ್ಲಿದ್ದದ್ದರಿಂದ ಅದೇ ತಿಂಗಳು ಅಮೆಜಾನ್ ಕೊಂಡಿತು. ಅಭಿಮಾನಿಗಳು ಚಂದಾ ಎತ್ತಿ ಶೋ ಉಳಿಸಿ ಎಂಬ ಬ್ಯಾನರ್ ಕಟ್ಟಿದ ವಿಮಾನವನ್ನು ಹಾರಿಸಿದ್ದು ನಿಲ್ಲಿಸಿದ ಚಾನೆಲ್ಲಿನ ಮೇಲಲ್ಲ, ಕೊಳ್ಳಬಹುದಾದ ಅಮೆಜಾನ್ ಕಚೇರಿಯ ಮೇಲೆ. ವಿಳಾಸ ಸರಿಯಾಗಿತ್ತು.

ಹಾಗಾಗಿ ಚಾನೆಲ್ಲೂ ಸ್ಟುಡಿಯೊವೂ ಬೇರೆಯಾಗಿದ್ದರೆ ಸ್ಟುಡಿಯೊಗೂ ಕೊಳ್ಳಬಹುದಾದವರಿಗೂ ಬರೆಯಿರಿ. ಎರಡೂ ಒಂದೇ ಆಗಿದ್ದರೆ ಹೊಸ ಮನೆ ಹುಡುಕುವುದರಲ್ಲಿ ಅರ್ಥ ಕಡಿಮೆ. ಅದೇ ಕಂಪನಿಯಿಂದ ಒಂದು ಮುಕ್ತಾಯ ಕೇಳುವುದು ಬುದ್ಧಿವಂತಿಕೆ. ಸ್ಟ್ರೀಮಿಂಗ್ ಕಂಪನಿಗಳ ಒಪ್ಪಂದಗಳಲ್ಲಿ ಇಷ್ಟು ಕಾಲ ಬೇರೆ ಸ್ಟ್ರೀಮಿಂಗ್‌ಗೆ ಕೊಡಬಾರದು ಎಂಬ ಷರತ್ತು ಇರುವುದೂ ಉಂಟು. ನೆಟ್‌ಫ್ಲಿಕ್ಸ್ ಬಿಟ್ಟ ‘ಒನ್ ಡೇ ಅಟ್ ಎ ಟೈಮ್’ 2019ರಲ್ಲಿ ಹೋದದ್ದು ಮತ್ತೊಂದು ಸ್ಟ್ರೀಮಿಂಗ್‌ಗಲ್ಲ, ಪಾಪ್ ಎಂಬ ಕೇಬಲ್ ಚಾನೆಲ್ಲಿಗೆ.

ಎಷ್ಟು ದಿನ ಸಮಯವಿದೆ?

ನಟರು ಒಪ್ಪಂದದಿಂದ ಬಿಡುಗಡೆಯಾಗುವ ತನಕ. ಅಮೆರಿಕದ ಚಾನೆಲ್ ಶೋಗಳಲ್ಲಿ ಮೇ ತಿಂಗಳಲ್ಲಿ ಮುಂದಿನ ವರ್ಷದ ಪಟ್ಟಿ ಜಾಹೀರಾತುದಾರರ ಮುಂದೆ ಬರುತ್ತದೆ, ನಟರ ಮೇಲಿನ ಹಿಡಿತ ಸಾಮಾನ್ಯವಾಗಿ ಜೂನ್ ಕೊನೆಗೆ ಸಡಿಲಾಗುತ್ತದೆ. ಅಂದರೆ ಆರೇಳು ವಾರ. ಆಮೇಲೆ ನಾಯಕ ಬೇರೆ ಶೋಗೆ ಸಹಿ ಹಾಕುತ್ತಾನೆ, ಬರಹಗಾರರ ತಂಡ ಚದುರುತ್ತದೆ. ಸೆಟ್ಟು ಗೋದಾಮಿನಲ್ಲಿದ್ದರೆ ಬಾಡಿಗೆ ಏರುತ್ತಿರುತ್ತದೆ, ಒಡೆದು ಹಾಕಿದರೆ ಮತ್ತೆ ಕಟ್ಟುವ ಖರ್ಚು ಹೊಸ ಕೊಳ್ಳುವವನ ತಲೆಗೆ. ‘ಸೆಟ್ಟು ಕಳಚಿದರು’ ಎಂಬ ಸುದ್ದಿ ನಟರಿಂದಲೇ ಬಂದರೆ ಪೂರ್ತಿ ಸೀಸನ್ನಿನ ಆಸೆ ಬಿಟ್ಟು ಬೇಡಿಕೆ ಇಳಿಸಿ.

ಅಭಿಯಾನ ಕಟ್ಟುವ ಬಗೆ

ಬೇಡಿಕೆ ಒಂದೇ ಇರಲಿ, ಅದು ಸಣ್ಣದಿರಲಿ. ‘ಇನ್ನೂ ಐದು ಸೀಸನ್ ಕೊಡಿ’ ಎಂದರೆ ಲೆಕ್ಕ ಹಾಕುವವನು ಕಾಗದ ಮಡಚಿಡುತ್ತಾನೆ. ‘ಕತೆ ಮುಗಿಸಲು ಎರಡು ಗಂಟೆ ಕೊಡಿ’ ಎಂದರೆ ಅದಕ್ಕೊಂದು ಖರ್ಚಿನ ಅಂದಾಜು ಹಾಕಲು ಬರುತ್ತದೆ. ‘ಸೆನ್ಸ್‌ಏಟ್’ ಶೋವನ್ನು 2017ರ ಜೂನ್ ಮೊದಲ ದಿನ ನಿಲ್ಲಿಸಿದ ನೆಟ್‌ಫ್ಲಿಕ್ಸ್ ಅದೇ ತಿಂಗಳ ಕೊನೆಗೆ ಮುಕ್ತಾಯದ ವಿಶೇಷ ಸಂಚಿಕೆ ಘೋಷಿಸಿತು, 2018ರ ಜೂನ್ 8ಕ್ಕೆ ಎರಡೂವರೆ ಗಂಟೆಯ ಮುಕ್ತಾಯ ಬಂತು. ‘ಟೈಮ್‌ಲೆಸ್’ ಎರಡನೆಯ ಬಾರಿ ನಿಂತಾಗಲೂ 2018ರ ಡಿಸೆಂಬರಿನಲ್ಲಿ ಎರಡು ಗಂಟೆಯ ಮುಕ್ತಾಯ ಸಿಕ್ಕಿತು.

ಮೊದಲ ದಿನದ ಕೆಲಸ: ನಾಲ್ಕೈದು ಜನರ ಒಂದು ತಂಡ. ಒಬ್ಬರು ಪತ್ರಗಳಿಗೆ, ಒಬ್ಬರು ಸೋಷಿಯಲ್ ಮೀಡಿಯಾಕ್ಕೆ, ಒಬ್ಬರು ಪತ್ರಕರ್ತರ ಸಂಪರ್ಕಕ್ಕೆ, ಹಣ ಮುಟ್ಟುವುದಾದರೆ ಅದಕ್ಕೆ ಇಬ್ಬರು. ಐವತ್ತು ಜನರ ಗುಂಪು ಮಾಡಿದರೆ ಹ್ಯಾಷ್‌ಟ್ಯಾಗ್ ಯಾವುದು ಎಂದು ತೀರ್ಮಾನಿಸುವುದರಲ್ಲೇ ವಾರ ಕಳೆಯುತ್ತದೆ.

ಹ್ಯಾಷ್‌ಟ್ಯಾಗ್ ಒಂದೇ ಇರಬೇಕು. ಅದರ ಮಧ್ಯೆ ಜಾಗ, ಅಡ್ಡಗೆರೆ (-), ಚುಕ್ಕೆ, ಆಶ್ಚರ್ಯಸೂಚಕ ಬಂದರೆ ಅಲ್ಲಿಗೇ ತುಂಡಾಗುತ್ತದೆ. ಘೋಷಿಸುವ ಮೊದಲು ಹುಡುಕಿ ನೋಡಿ, ಬೇರೆ ಯಾವುದೋ ಶೋನ ಹಳೆಯ ಅಭಿಯಾನ ಅದೇ ಹೆಸರಿನಲ್ಲಿ ಇರಬಹುದು. ಟ್ರೆಂಡಿಂಗ್ ಪಟ್ಟಿಗಳು ಒಟ್ಟು ಸಂಖ್ಯೆಗಿಂತ ಹಠಾತ್ ಏರಿಕೆಗೆ ಬೆಲೆ ಕೊಡುತ್ತವೆ. ದಿನವಿಡೀ ಚದುರಿದ ಹತ್ತು ಸಾವಿರಕ್ಕಿಂತ ಒಂದು ಗಂಟೆಯ ಮೂರು ಸಾವಿರ ಮೇಲು. ಎಲ್ಲ ದೇಶದವರಿಗೂ ತಿಳಿಯುವಂತೆ ಸಮಯವನ್ನು ಜಿಎಂಟಿಯಲ್ಲಿ ಹೇಳಿ, ವಾರಕ್ಕೆ ಒಂದೇ ಬಾರಿ ಮಾಡಿ. ಒಂದೇ ವಾಕ್ಯವನ್ನು ಎಲ್ಲರೂ ನಕಲು ಹೊಡೆದು ಹಾಕಿದರೆ ಸ್ಪ್ಯಾಮ್ ಎಂದು ಮುಚ್ಚಿಹೋಗುತ್ತದೆ. ಶೋನ ಒಂದೊಂದು ದೃಶ್ಯದ ಬಗ್ಗೆ ತಮ್ಮ ಮಾತಿನಲ್ಲಿ ಬರೆಯಲು ಹೇಳಿ. ಕೂಲಿ ಖಾತೆ, ತಾನಾಗಿ ಪೋಸ್ಟ್ ಹಾಕುವ ಬಾಟ್‌ಗಳ ಸಹವಾಸ ಬೇಡ. ಅದು ಬಯಲಾದ ದಿನ ನಿಜವಾದ ಅಭಿಮಾನಿಗಳ ಲೆಕ್ಕವೂ ಸುಳ್ಳೆನಿಸುತ್ತದೆ.

ಪತ್ರಕ್ಕೆ ಈಗಲೂ ತೂಕವಿದೆ, ಏಕೆಂದರೆ ಅದಕ್ಕೆ ಅಂಚೆಚೀಟಿ ಬೇಕು, ಕೂತು ಬರೆಯಬೇಕು. ಟಿವಿ ಶೋ ಉಳಿಸಿದ ಅಭಿಯಾನಗಳಲ್ಲಿ ಹೆಸರುವಾಸಿಯಾದ ಮೊದಲನೆಯದೇ ಪತ್ರದ್ದು. ‘ಸ್ಟಾರ್ ಟ್ರೆಕ್’ ಎರಡನೇ ಸೀಸನ್ನಿಗೆ ನಿಲ್ಲುತ್ತದೆ ಎಂಬ ಸುದ್ದಿಗೆ ಪತ್ರಗಳು ಹರಿದುಬಂದು, 1968ರ ಮಾರ್ಚ್ 1ರಂದು ಶೋ ಮುಂದುವರಿಯುತ್ತದೆ, ಇನ್ನು ಬರೆಯಬೇಡಿ ಎಂದು ಎನ್‌ಬಿಸಿ ಪ್ರಸಾರದಲ್ಲೇ ಹೇಳಬೇಕಾಯಿತು. ಆಮೇಲಿನದ್ದನ್ನೂ ಮರೆಯಬಾರದು: ಮೂರನೇ ಸೀಸನ್ನಿಗೆ ಬಜೆಟ್ ಕಡಿಮೆ ಮಾಡಿದರು, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದರು, 1969ರಲ್ಲಿ ನಿಲ್ಲಿಸಿದರು.

ಪತ್ರ ಒಂದು ಪುಟ ಮೀರಬಾರದು, 150ರಿಂದ 200 ಪದ ಸಾಕು. ಕಂಪನಿಯ ಭಾಷೆಯಲ್ಲೇ ಇರಲಿ. ಮೊದಲ ಸಾಲಿನಲ್ಲಿ ಶೋ ಹೆಸರು ಮತ್ತು ಬೇಡಿಕೆ. ಎರಡನೆಯ ಪ್ಯಾರಾದಲ್ಲಿ ನೀವು ಯಾರು: ವಯಸ್ಸು, ಮನೆಯಲ್ಲಿ ಎಷ್ಟು ಜನ ನೋಡಿದಿರಿ, ಎಲ್ಲಿ ನೋಡಿದಿರಿ, ಯಾವ ಚಂದಾ ಕಟ್ಟುತ್ತೀರಿ. ಮೂರನೆಯದರಲ್ಲಿ ಶೋನಲ್ಲಿ ಹಿಡಿಸಿದ ಒಂದೇ ಸಂಗತಿ, ನಿರ್ದಿಷ್ಟವಾಗಿ. ಕೊನೆಗೆ ಮುಂದೆ ಏನು ಮಾಡುತ್ತೀರಿ ಎಂಬುದು: ‘ಮುಕ್ತಾಯ ಬಂದರೆ ಮೊದಲ ವಾರವೇ ನೋಡುತ್ತೇವೆ, ಡಿಸ್ಕ್ ಬಂದರೆ ಕೊಳ್ಳುತ್ತೇವೆ’. ‘ಚಂದಾ ನಿಲ್ಲಿಸುತ್ತೇವೆ’ ಎಂಬ ಬೆದರಿಕೆ ನಿಜವಾಗಿದ್ದರೆ ಮಾತ್ರ ಬರೆಯಿರಿ. ನಿಲ್ಲಿಸಿದಾಗ ಕಾರಣ ಕೇಳುವ ಪೆಟ್ಟಿಗೆಯಲ್ಲಿ ಶೋ ಹೆಸರು ಹಾಕಿ. ಮೆಚ್ಚುಗೆಯ ಪತ್ರ ಶೋರನ್ನರ್‌ಗೆ, ಬೇಡಿಕೆಯ ಪತ್ರ ಕಂಪನಿಯ ಕಾರ್ಯಕ್ರಮ ವಿಭಾಗಕ್ಕೆ. ಕಚೇರಿ ವಿಳಾಸ ಬಿಟ್ಟು ಯಾರ ಮನೆಯ ವಿಳಾಸವನ್ನೂ ಹಂಚಬಾರದು. ಒಬ್ಬ ಅಧಿಕಾರಿಗೆ ಬೆದರಿಕೆ ಬಂದರೆ ಸಾಕು, ವಿಷಯ ಕಾರ್ಯಕ್ರಮ ವಿಭಾಗದಿಂದ ಭದ್ರತಾ ವಿಭಾಗಕ್ಕೆ ಹೋಗುತ್ತದೆ, ಅಭಿಯಾನ ಅಲ್ಲಿಗೆ ಮುಗಿಯಿತು.

ವಸ್ತು ಕಳಿಸುವ ತಂತ್ರ ಪತ್ರಿಕೆಗಳಿಗೆ ಇಷ್ಟ. 2007ರಲ್ಲಿ ಸಿಬಿಎಸ್ ಚಾನೆಲ್ ‘ಜೆರಿಕೊ’ವನ್ನು ಒಂದೇ ಸೀಸನ್ನಿಗೆ ನಿಲ್ಲಿಸಿದಾಗ ಅಭಿಮಾನಿಗಳು ಕಚೇರಿಗೆ 20 ಟನ್ನಿಗೂ ಹೆಚ್ಚು ಕಡಲೆಕಾಯಿ ಕಳಿಸಿದರು, ಕೊನೆಯ ಸಂಚಿಕೆಯಲ್ಲಿ ಶರಣಾಗತಿಯ ಕರೆಗೆ ನಾಯಕ ಧಿಕ್ಕರಿಸಿ ಕೊಡುವ ‘ನಟ್ಸ್’ ಎಂಬ ಉತ್ತರದಿಂದ ಬಂದ ಸಂಕೇತ ಅದು. ಕಂಪನಿ ಏಳು ಸಂಚಿಕೆಗಳಿಗೆ ಒಪ್ಪಿತು, ಪ್ರಸಾರದ ಹೊತ್ತಿಗೇ ನೋಡುವವರು ಹೆಚ್ಚಬೇಕು ಎಂದು ಕೇಳಿಕೊಂಡಿತು. 2008ರಲ್ಲಿ ಬಂದ ಆ ಏಳಕ್ಕೆ ಅಂಕಿ ಸಾಲದೆ ಮತ್ತೆ ನಿಂತಿತು. ಆದರೆ ತಯಾರಕರು ಎಚ್ಚರಿಕೆಯಿಂದ ಎರಡು ಮುಕ್ತಾಯ ಚಿತ್ರೀಕರಿಸಿದ್ದರಿಂದ ಕತೆ ಬಾಯಿ ತೆರೆದುಕೊಂಡು ಉಳಿಯಲಿಲ್ಲ. ನೀವು ಕಳಿಸುವುದಾದರೆ ಶೋನೊಳಗಿನ ಸಂಕೇತವೇ ಆಗಿರಲಿ, ಕೆಡದ, ಒಡೆಯದ, ದಾನಕ್ಕೆ ಬರುವ ವಸ್ತುವಾಗಿರಲಿ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಜಾಣತನದ್ದೆನಿಸುವುದು 2009ರ ‘ಚಕ್’ ಅಭಿಯಾನ. ಆ ಶೋನ ಅಭಿಮಾನಿಗಳು ಅದನ್ನು ತೋರಿಸುತ್ತಿದ್ದ ಎನ್‌ಬಿಸಿಯನ್ನು ಬಿಟ್ಟು ಜಾಹೀರಾತುದಾರನ ಹತ್ತಿರ ಹೋದರು. ಸೀಸನ್ನಿನ ಕೊನೆಯ ಸಂಚಿಕೆಯ ದಿನ ಅಭಿಮಾನಿಗಳು ಸಬ್‌ವೇ ಅಂಗಡಿಗಳಿಗೆ ನುಗ್ಗಿ ಸ್ಯಾಂಡ್‌ವಿಚ್ ಕೊಂಡು, ‘ಇದು ಚಕ್‌ಗಾಗಿ’ ಎಂದು ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿದರು. ಸಬ್‌ವೇ ಪ್ರಾಯೋಜಕತ್ವ ಹೆಚ್ಚಿಸಿತು, ಶೋ ಮುಂದುವರಿಯಿತು. ಜಾಹೀರಾತಿನಿಂದ ನಡೆಯುವ ಶೋಗೆ ಈ ದಾರಿ ಇಂದಿಗೂ ತೆರೆದಿದೆ: ಶೋ ನಡುವೆ ಬರುವ ಜಾಹೀರಾತುಗಳ ಪಟ್ಟಿ ಮಾಡಿ, ಪದೇಪದೇ ಬರುವ ಒಂದೇ ಬ್ರ್ಯಾಂಡ್ ಆರಿಸಿ, ಕೊಂಡ ರಸೀದಿಯ ಫೋಟೊ ಜತೆ ಆ ಕಂಪನಿಗೆ ಬರೆಯಿರಿ.

ಆನ್‌ಲೈನ್ ಅರ್ಜಿಯಿಂದ ಪತ್ರಿಕೆಗೆ ಒಂದು ಸಂಖ್ಯೆ ಸಿಗುತ್ತದೆ, ಹೆಚ್ಚೇನಿಲ್ಲ. ಒಂದೇ ಅರ್ಜಿ ಇರಲಿ. ಸಹಿ ಹಾಕಿದ ಮೇಲೆ ತಾಣ ಹಣ ಕೇಳಿದರೆ ಅದು ಅರ್ಜಿಯ ಪ್ರಚಾರಕ್ಕೆ, ಶೋಗಲ್ಲ ಎಂದು ಮೊದಲೇ ಎಲ್ಲರಿಗೂ ತಿಳಿಸಿ.

ಇನ್ನು ನೋಡುವ ಕೆಲಸ. ಶೋ ಇನ್ನೂ ಎಲ್ಲಾದರೂ ಅಧಿಕೃತವಾಗಿ ಸಿಗುತ್ತಿದ್ದರೆ, ನೋಡದವರನ್ನು ಕರೆತಂದು ಕೊನೆಯವರೆಗೆ ನೋಡಿಸುವುದಕ್ಕಿಂತ ದೊಡ್ಡ ಅಭಿಯಾನವಿಲ್ಲ. ಎನ್‌ಬಿಸಿ 2021ರ ಜೂನ್‌ನಲ್ಲಿ ನಿಲ್ಲಿಸಿದ ‘ಮ್ಯಾನಿಫೆಸ್ಟ್’ ಅದೇ ತಿಂಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದು ಪಟ್ಟಿಯ ತುದಿಗೇರಿತು. ಆಗಸ್ಟ್‌ನಲ್ಲಿ 20 ಸಂಚಿಕೆಗಳ ಹೊಸ ಆರ್ಡರ್ ಸಿಕ್ಕಿತು. ಟಿವಿ ಮ್ಯೂಟ್ ಮಾಡಿ ರಾತ್ರಿಯಿಡೀ ಓಡಿಸುವುದರಿಂದ ಉಪಯೋಗ ಕಡಿಮೆ. ಲೆಕ್ಕಕ್ಕೆ ಬೇಕಾದದ್ದು ಹೊಸ ಖಾತೆಗಳು, ಮುಗಿಸಿದ ಸೀಸನ್‌ಗಳು. ಕದ್ದ ಪ್ರತಿಯಲ್ಲಿ ನೋಡಿದ ಅಭಿಮಾನಿಯ ಪ್ರೀತಿಗೆ ಲೆಕ್ಕದಲ್ಲಿ ಬರುವುದು ಸೊನ್ನೆ.

ಹಣ ಕೂಡಿಸಿ ನಾವೇ ಮಾಡಿಸೋಣವೇ?

ಅಭಿಮಾನಿಗಳು ತಾವಾಗಿ ಹೊರಟರೆ ಆಗುವುದಿಲ್ಲ. ಹಕ್ಕು ನಿಮ್ಮದಲ್ಲ, ಒಂದು ಗಂಟೆಯ ಅಮೆರಿಕನ್ ಶೋನ ಒಂದೊಂದು ಸಂಚಿಕೆಗೇ ಹತ್ತಾರು ಲಕ್ಷ ಡಾಲರ್ ಬೇಕು. 2013ರಲ್ಲಿ ‘ವೆರೋನಿಕಾ ಮಾರ್ಸ್’ ಶೋ ಆಧರಿಸಿದ ಸಿನಿಮಾಕ್ಕೆ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 91,585 ಜನ 57 ಲಕ್ಷ ಡಾಲರ್ ಕೊಟ್ಟರು, ತಲೆಗೆ ಸರಾಸರಿ ಸುಮಾರು 62 ಡಾಲರ್. ಆದರೆ ಅದನ್ನು ಆರಂಭಿಸಿದ್ದು ಶೋ ಸೃಷ್ಟಿಸಿದವರೇ, ಹಕ್ಕುದಾರ ವಾರ್ನರ್ ಬ್ರದರ್ಸ್ ಒಪ್ಪಿದ ಮೇಲೆ. ಅಷ್ಟು ದೊಡ್ಡ ಮೊತ್ತಕ್ಕೆ ಸಿಕ್ಕಿದ್ದೂ ಒಂದು ಸಿನಿಮಾ, ಸೀಸನ್ನಲ್ಲ. ಹಕ್ಕುದಾರರ ಹೆಸರಿಲ್ಲದೆ ‘ಶೋ ಉಳಿಸಲು ನಿಧಿ’ ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

ಇರುವಷ್ಟನ್ನು ಸರಿಯಾಗಿ ನೋಡಿ, ಉಳಿಸಿಕೊಳ್ಳಿ

ಬೇಗ ನಿಂತ ಶೋಗಳಲ್ಲಿ ಸಂಚಿಕೆಗಳ ಕ್ರಮ ತಪ್ಪಿರುವುದು ಸಾಮಾನ್ಯ. ಫಾಕ್ಸ್ 2002ರಲ್ಲಿ ‘ಫೈರ್‌ಫ್ಲೈ’ಯ 14 ಸಂಚಿಕೆಗಳಲ್ಲಿ 11ನ್ನು ಮಾತ್ರ ತೋರಿಸಿತು. ಪಾತ್ರಗಳನ್ನೆಲ್ಲ ಪರಿಚಯಿಸುವ ಎರಡು ಗಂಟೆಯ ಮೊದಲ ಸಂಚಿಕೆ ಪ್ರಸಾರವಾದದ್ದು ಕಟ್ಟಕಡೆಗೆ, ಡಿಸೆಂಬರ್ 20ಕ್ಕೆ. ಹಾಗಾಗಿ ಪ್ರಸಾರದ ದಿನಾಂಕ ನಂಬಬೇಡಿ. ಡಿಸ್ಕ್‌ನಲ್ಲಿರುವ ಕ್ರಮ ಬಹುಮಟ್ಟಿಗೆ ತಯಾರಕರದ್ದು. ಡಿಸ್ಕ್ ಇಲ್ಲದಿದ್ದರೆ ಹೆಸರುಪಟ್ಟಿಯ ನಿರ್ಮಾಣ ಸಂಖ್ಯೆ ನೋಡಿ, ಆದರೆ ಚಿತ್ರೀಕರಣದ ಕ್ರಮವೂ ಕತೆಯ ಕ್ರಮವೂ ಎಲ್ಲ ಸಲ ಒಂದೇ ಅಲ್ಲ. ಗಾಯ, ಕೂದಲು, ಯಾರಿಗೆ ಯಾವ ಗುಟ್ಟು ಗೊತ್ತು ಎಂಬುದರಿಂದ ತಾಳೆ ನೋಡಿ.

‘ಆನ್‌ಲೈನ್‌ನಲ್ಲಿ ಇದೆಯಲ್ಲ’ ಎಂದು ಸುಮ್ಮನಿರಬೇಡಿ. ಡಿಸ್ನಿ ಪ್ಲಸ್ 2022ರ ನವೆಂಬರ್ 30ರಂದು ಆರಂಭಿಸಿದ ಎಂಟು ಸಂಚಿಕೆಯ ‘ವಿಲೋ’ವನ್ನು ಮರುವರ್ಷ ಮೇನಲ್ಲಿ ತಾಣದಿಂದಲೇ ತೆಗೆದುಹಾಕಿತು. ಡಿಸ್ಕ್ ಸಿಗುವುದಾದರೆ ಕೊಂಡಿಡಿ, ಕೊಳ್ಳುವ ಮೊದಲು ಪ್ರದೇಶ ಸಂಕೇತ ನೋಡಿ: ಡಿವಿಡಿಗೆ 1ರಿಂದ 6, ಬ್ಲೂ-ರೇಗೆ ಎ, ಬಿ, ಸಿ. ಹೊಂದದಿದ್ದರೆ ನಿಮ್ಮ ಪ್ಲೇಯರ್ ಓದುವುದಿಲ್ಲ. ಡಿಜಿಟಲ್ ‘ಖರೀದಿ’ ಎಂದರೆ ನೋಡುವ ಪರವಾನಗಿ ಮಾತ್ರ. ಡಿಸ್ಕ್ ತಡವಾದರೆ ಕಾರಣ ಸಂಗೀತದ ಹಕ್ಕಾಗಿರಬಹುದು: ‘ಫ್ರೀಕ್ಸ್ ಆ್ಯಂಡ್ ಗೀಕ್ಸ್’ 2000ದಲ್ಲಿ ನಿಂತಿತು, ಹಾಡುಗಳ ಹಕ್ಕು ಬಗೆಹರಿದು ಡಿವಿಡಿ ಬರಲು 2004 ಆಯಿತು. ಡಿಸ್ಕ್ ಮಾರಾಟವೂ ಒಂದು ಮತವೇ. ‘ಫೈರ್‌ಫ್ಲೈ’ ಡಿವಿಡಿ ಚೆನ್ನಾಗಿ ಹೋದದ್ದು 2005ರ ಸಿನಿಮಾಕ್ಕೆ ದಾರಿ ಮಾಡಿತು.

ಬೇಸರದ ವಿಷಯ

ಅರ್ಧ ಕತೆ ಮನಸ್ಸಿನಲ್ಲಿ ಕೊರೆಯುವುದಕ್ಕೆ ಒಂದು ಸರಳ ಉಪಾಯ: ಮತ್ತೊಮ್ಮೆ ನೋಡುವಾಗ ಕೊನೆಯ ಸಂಚಿಕೆ ತನಕ ಹೋಗಬೇಡಿ. ಹೆಚ್ಚಿನ ಸೀಸನ್‌ಗಳಲ್ಲಿ ಕೊನೆಯದಕ್ಕಿಂತ ಒಂದೆರಡು ಸಂಚಿಕೆ ಮೊದಲು ಒಂದು ನಿಲ್ದಾಣ ಇರುತ್ತದೆ, ಒಂದು ಎಳೆ ಮುಗಿದು ಇನ್ನೊಂದು ಶುರುವಾಗುವ ಜಾಗ. ಕೊನೆಯ ಸಂಚಿಕೆಯಲ್ಲೇ ಆದರೂ ಅಂತಿಮ ಮೂರು ನಿಮಿಷ, ಅಂದರೆ ಮುಂದಿನ ಸೀಸನ್ನಿಗೆಂದು ಹಾಕಿದ ಕೊಕ್ಕೆಯನ್ನು ಬಿಟ್ಟರೆ ಕತೆ ಎಷ್ಟೋ ನೆಮ್ಮದಿಯಾಗಿ ಮುಗಿಯುತ್ತದೆ. ಹೊಸಬರಿಗೆ ಶೋ ತೋರಿಸುವಾಗಲೂ ಈ ನಿಲ್ದಾಣ ಮೊದಲೇ ಹೇಳಿಬಿಡಿ, ಇಲ್ಲವಾದರೆ ಅವರ ಶಾಪ ನಿಮಗೆ.

ರದ್ದಾದ ಕೆಲವು ವಾರಗಳಲ್ಲಿ ಬರಹಗಾರರು ಸಂದರ್ಶನಗಳಲ್ಲಿ ‘ಮುಂದೆ ಹೀಗಾಗುತ್ತಿತ್ತು’ ಎಂದು ಬಿಚ್ಚಿ ಹೇಳುವುದುಂಟು. ಅಭಿಯಾನ ಜೀವಂತವಿರುವಾಗ ಅದನ್ನು ಹೇಳುವಂತೆ ಅವರನ್ನು ಒತ್ತಾಯಿಸಬೇಡಿ. ಎಲ್ಲ ಹೇಳಿಬಿಟ್ಟರೆ ಕೊಳ್ಳುವವನಿಗೆ ಉಳಿಯುವುದೇನು? ಕತೆ ಕಾಮಿಕ್ಸ್ ಆಗಿ ಮುಂದುವರಿಯುವುದೂ ಇದೆ, ‘ಜೆರಿಕೊ’, ‘ಫೈರ್‌ಫ್ಲೈ’ ಎರಡಕ್ಕೂ ಹಾಗಾಯಿತು.

‘ಪೂರ್ತಿ ಮುಗಿದ ಮೇಲೆಯೇ ನೋಡುತ್ತೇನೆ’ ಎಂದು ಶಪಥ ಮಾಡುವವರ ಸಂಖ್ಯೆ ಬೆಳೆಯುತ್ತಿದೆ. ನೋವು ಅರ್ಥವಾಗುತ್ತದೆ, ಆದರೆ ಮೊದಲ 28 ದಿನದ ಲೆಕ್ಕದ ಮುಂದೆ ಈ ಶಪಥವೇ ಹೊಸ ಶೋಗಳ ಕತ್ತು ಹಿಸುಕುತ್ತದೆ. ಮಧ್ಯದ ದಾರಿ: ಮೊದಲ ಎರಡು ಸಂಚಿಕೆ ಬಿಡುಗಡೆಯ ವಾರದಲ್ಲಿ ನೋಡಿ, ಹಿಡಿಸಿದರೆ ತಿಂಗಳೊಳಗೆ ಮುಗಿಸಿ, ಹಿಡಿಸದಿದ್ದರೆ ಬಿಡಿ. ಅರ್ಧ ಕತೆಯ ಭಯ ಜಾಸ್ತಿಯಿದ್ದರೆ ‘ಲಿಮಿಟೆಡ್ ಸೀರೀಸ್’ ಎಂದಿರುವುದನ್ನೋ ಆರಂಭದಲ್ಲೇ ಎರಡು ಸೀಸನ್ನಿಗೆ ಆರ್ಡರ್ ಸಿಕ್ಕಿರುವುದನ್ನೋ ಆರಿಸಿ.

ಅಭಿಯಾನ ಮುಚ್ಚುವುದು

ಇದನ್ನು ಯಾರೂ ಯೋಚಿಸುವುದಿಲ್ಲ, ಆಮೇಲೆ ಜಗಳ ಇಲ್ಲೇ ಆಗುತ್ತದೆ. ಶುರುವಿನಲ್ಲೇ ಒಂದು ಕೊನೆಯ ದಿನ ಹೇಳಿಬಿಡಿ, ನಟರ ಒಪ್ಪಂದದ ಲೆಕ್ಕಕ್ಕೆ ಹೊಂದುವಂತೆ ಆರರಿಂದ ಎಂಟು ವಾರ. ಶೋರನ್ನರ್ ಅಥವಾ ಸ್ಟುಡಿಯೊ ‘ಮಾತುಕತೆ ಮುಗಿದಿದೆ’ ಎಂದರೆ ಅದಕ್ಕೂ ಮೊದಲೇ ನಿಲ್ಲಿಸಿ. ಸೇರಿದ ಹಣದ ಜಮಾ-ಖರ್ಚು ರಸೀದಿ ಸಮೇತ ಎಲ್ಲರಿಗೂ ಕಾಣುವಂತೆ ಹಾಕಿ. ಮಿಕ್ಕದ್ದನ್ನು ಮೊದಲೇ ಹೆಸರಿಸಿದ ಸೇವಾಸಂಸ್ಥೆಗೆ ಕೊಡಿ, ಹೊಸ ಉದ್ದೇಶ ಹುಟ್ಟಿಸಬೇಡಿ. ಅಭಿಮಾನಿಗಳ ವಿಳಾಸ, ಇಮೇಲ್ ಪಟ್ಟಿಯನ್ನು ಅಳಿಸಿಹಾಕಿ. ಖಾತೆಗಳನ್ನು ಅಳಿಸುವ ಬದಲು ಪಾಸ್‌ವರ್ಡ್ ಬದಲಿಸಿ ಇಬ್ಬರ ಕೈಯಲ್ಲಿ ಇಡಿ. 2002ರಲ್ಲಿ ನಿಂತ ‘ಫ್ಯಾಮಿಲಿ ಗೈ’ ಮರುಪ್ರಸಾರ ಮತ್ತು ಡಿವಿಡಿ ಮಾರಾಟದ ಬಲದಿಂದ 2005ರಲ್ಲಿ ಮರಳಿದಂತೆ ನಿಮ್ಮ ಶೋಗೂ ಎಂದಾದರೂ ಕರೆ ಬಂದರೆ, ಹೇಳಬೇಕಾದ ಜನರಿಗೆ ಹೇಳಲು ಆ ಖಾತೆ ಬೇಕಾಗುತ್ತದೆ.